ಹತ್ತರಲ್ಲಿ ಎಷ್ಟು?

ಹೆಬ್ರಿ ಕಡೆಯ ಒಬ್ಬ ಅಣ್ಣನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಹಟ್ಟಿಯ ಪಕ್ಕದ ಜಗಲಿಯಲ್ಲಿ ಮಾತ್ರ. ಮಳೆ ಜೋರಾದರೆ ಅಲ್ಲಿಯೂ ಇಲ್ಲ. ಹೋದ ವರ್ಷ ಆಟಿ ತಿಂಗಳ ಒಂದು ಭಾನುವಾರ ಸಂಜೆ, ಮಳೆ ಸ್ವಲ್ಪ ಹೊಳವಾಗಿದ್ದ ಹೊತ್ತಿನಲ್ಲಿ, ನಾವಿಬ್ಬರೂ ವಿಡಿಯೋ ಕಾಲಿನಲ್ಲಿ ಕೂತಿದ್ದೆವು. ನಾನೂ ಗಾಲಿಕುರ್ಚಿಯವನೇ; ಬೆನ್ನುಹುರಿಗೆ ಪೆಟ್ಟಾದವರೊಡನೆ ಹೀಗೆ ಫೋನಿನಲ್ಲಿ ಮಾತಾಡುವುದು ನನ್ನ ಕೆಲಸ. ಅಣ್ಣ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿದ್ದವರು ಜಾರಿ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಹೋಗಿ ಆಗಷ್ಟೇ ವರ್ಷ ಕಳೆದಿತ್ತು. ಕೂರುವ ಜಾಗದಲ್ಲಿ ಎರಡು ತಿಂಗಳಿಂದ ಒಂದು ಕೆಂಪು ಗುರುತು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಡಾಕ್ಟರಿಗೆ ತೋರಿಸಿದ್ದರು, ಮುಲಾಮು ಹಚ್ಚಿದ್ದರು, ಸಾಲ ಮಾಡಿ ಒಳ್ಳೆಯ ಕುಶನ್ ಕೂಡ ತಂದಿದ್ದರು.

“ಫೋನನ್ನು ಸ್ವಲ್ಪ ಕೆಳಗೆ ಹಿಡೀಲಿಕ್ಕೆ ಹೇಳಿ ಅಣ್ಣ ಮಗನಿಗೆ, ನೀವು ಕೂತದ್ದು ಒಮ್ಮೆ ನೋಡ್ತೇನೆ” ಎಂದೆ.

ಹುಡುಗ ಹಿಡಿದ. ಕುಶನ್ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ತೊಟ್ಟೆಯೊಳಗೇ ಇತ್ತು.

“ಗಲೀಜಾಗುದು ಬೇಡ ಅಂತ ಹಾಗೇ ಇಟ್ಟದ್ದು. ಅಷ್ಟು ದುಡ್ಡು ಕೊಟ್ಟದ್ದಲ್ವಾ?” ಎಂದರು ಅಣ್ಣ.

ನನಗೆ ಗಂಟಲು ಕಟ್ಟಿತು. 2014ರಲ್ಲಿ ನನ್ನ ಮೊದಲ ಕುಶನ್ನೂ ತೊಟ್ಟೆಯೊಳಗೇ ಇತ್ತು, ಅದರ ಮೇಲೆ ನಾನು ಎಂಟು ತಿಂಗಳು ಕೂತಿದ್ದೆ, ಇದೇ ಕಾರಣಕ್ಕೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಪೂರ್ತಿ ಒಣಗದ ಬಟ್ಟೆಯ ಪಸೆ, ಸೋರಿದ ಮೂತ್ರದ ಒಂದೆರಡು ಹನಿ, ಎಲ್ಲವೂ ಆ ಪ್ಲಾಸ್ಟಿಕ್ಕಿನ ಮೇಲೆ ನಿಂತು ಚರ್ಮ ನೆನೆದ ಅಕ್ಕಿಯ ಹಾಗೆ ಮೆತ್ತಗಾಗುತ್ತದೆ. ಅದರ ಮೇಲೆ ಮೈ ಜಾರುತ್ತದೆ, ಜಾರುವಾಗ ಮೂಳೆಗೂ ಚರ್ಮಕ್ಕೂ ನಡುವಿನ ಮಾಂಸ ಒಳಗೊಳಗೇ ಜಗ್ಗುತ್ತದೆ. ನೋವು ಮೇಲೆ ಬರುವ ದಾರಿಯೇ ಮುಚ್ಚಿಹೋದ ಮೈಗೆ ಇದು ತಿಳಿಯುವುದಿಲ್ಲ. ಡಾಕ್ಟರು ಇದನ್ನು ಕಾಣುವುದು ಹೇಗೆ? ಆಸ್ಪತ್ರೆಗೆ ಹೋದಾಗ ನಮ್ಮನ್ನು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿ ಹುಣ್ಣನ್ನು ನೋಡುತ್ತಾರೆ. ಕುಶನ್ ಹೊರಗೆ ಗಾಲಿಕುರ್ಚಿಯ ಮೇಲೆಯೇ ಇರುತ್ತದೆ.

ಅವತ್ತು ನಾನು “ತೊಟ್ಟೆ ತೆಗೀರಿ” ಎನ್ನಲಿಲ್ಲ. “ನನಗೆ ಒಂದು ಅನುಭವ ಆದದ್ದುಂಟು, ಹೇಳ್ಬಹುದಾ ಅಣ್ಣ?” ಎಂದು ಕೇಳಿದೆ. ಹೇಳಿ ಎಂದರು. ಹೇಳಿದೆ. ಆಮೇಲೆ “ಇದರಲ್ಲಿ ನಿಮಗೆ ಎಂತ ಮಾಡ್ಬಹುದು ಅನಿಸ್ತದೆ?” ಎಂದು ಕೇಳಿ ಸುಮ್ಮನಾದೆ. ಅತ್ತ ಕಡೆಯಿಂದ ಬಹಳ ಹೊತ್ತು ಹಸು ಮೇವು ಎಳೆಯುವ ಸದ್ದಷ್ಟೇ ಬರುತ್ತಿತ್ತು. ಒಳಗಿನಿಂದ ಅವರ ಹೆಂಡತಿ, “ಹಳೇ ಕಾಟನ್ ಸೀರೆಯದ್ದು ಎರಡು ಚೀಲ ಹೊಲೀಬಹುದು, ಒಂದು ಒಗೆದ್ರೆ ಒಂದು” ಎಂದರು. ಆ ಮನೆಯ ಉತ್ತರ ಆ ಮನೆಯೊಳಗಿನಿಂದಲೇ ಬಂತು. ಈ ಕೆಲಸವನ್ನು ಹೇಗೆ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಆ ಮೌನದ ಬಗ್ಗೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ನನಗೆ ಹಲವು ವರ್ಷ ಬೇಕಾಯಿತು.

ನಾನು ಪರ್ಕಳದವನು. 2014ರ ಮೇ ತಿಂಗಳ ಕೊನೆಯ ವಾರ, ಮಳೆ ಬರುವ ಮೊದಲು ಹಂಚು ಕೈಯಾಡಿಸಲೆಂದು ಮನೆಯ ಮಾಡು ಹತ್ತಿದ್ದೆ. ಹಂಚು ಹೊತ್ತ ಮರದ ಪಕ್ಕಾಸೊಂದು ಕುಂಬಾಗಿತ್ತು. ಬಿದ್ದದ್ದು ಅಂಗಳಕ್ಕೆ. ಎದೆಯ ಹಿಂದಿನ ಐದನೆಯ ಕಶೇರುಕದ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ಜಖಂ. ನಮ್ಮವರ ಮಾತಿನಲ್ಲಿ ನಾನು ‘ಟಿ5’. ಎದೆಯಿಂದ ಕೆಳಗೆ ನನಗೆ ಏನೂ ತಿಳಿಯುವುದಿಲ್ಲ. ಆಸ್ಪತ್ರೆಯವರು ಜೀವ ಉಳಿಸಿದರು, ಬೆನ್ನಿಗೆ ರಾಡ್ ಹಾಕಿದರು, ಫಿಸಿಯೋ ಹುಡುಗಿ ಮಂಚದಿಂದ ಗಾಲಿಕುರ್ಚಿಗೆ ಜಾರುವುದನ್ನು ಕಲಿಸಿದಳು. ಆಮೇಲೆ ಮನೆಗೆ ಬಂದೆವು. ಮನೆಗೆ ಬಂದ ಮೇಲಿನ ಕಾಯಿಲೆಗಳೇ ನಮ್ಮನ್ನು ಕೊಲ್ಲುವುದು ಎಂದು ಆಗ ಗೊತ್ತಿರಲಿಲ್ಲ. ಮೂತ್ರದ ಸೋಂಕು, ಒತ್ತಡದ ಹುಣ್ಣು, ಶ್ವಾಸಕೋಶದ ಸೋಂಕು, ಮತ್ತೆ ಈಗ ಹೇಳಹೊರಟಿರುವ ತಲೆನೋವು.

2015ರ ಜೂನ್, ರಾತ್ರಿ ಹತ್ತೂವರೆ. ತಲೆ ಸುತ್ತಿಗೆಯಲ್ಲಿ ಬಡಿದ ಹಾಗೆ ಸಿಡಿಯತೊಡಗಿತು. ಮುಖ ಕೆಂಪಾಯಿತು, ಹಣೆಯಲ್ಲಿ ಬೆವರು ಹರಿಯಿತು, ತೋಳಿನ ರೋಮ ನಿಂತಿತು. ಅಮ್ಮ ಪಿತ್ತ ಎಂದರು, ಹೆಂಡತಿ ಕಷಾಯ ತಂದಳು. ಇಬ್ಬರೂ ಸೇರಿ ನನ್ನನ್ನು ಅಂಗಾತ ಮಲಗಿಸಿದರು. ತಲೆನೋವು ಬಂದವರನ್ನು ಮಲಗಿಸುವುದಲ್ಲವೇ ಮನೆಯವರಿಗೆ ಗೊತ್ತಿರುವುದು? ನೋವು ಇನ್ನೂ ಏರಿತು. ಪಕ್ಕದ ಮನೆಯವರಲ್ಲಿ ಬಿಪಿ ನೋಡುವ ಯಂತ್ರವಿತ್ತು. ಯಾವತ್ತೂ ನೂರರ ಆಸುಪಾಸಿನಲ್ಲಿರುವ ನನ್ನ ಮೇಲಿನ ಬಿಪಿ ಅವತ್ತು 176.

ಕಾರು ಬರುವುದರೊಳಗೆ ಹೆಂಡತಿಗೆ ಒಂದು ನಂಬರ್ ನೆನಪಾಯಿತು. ಫಿಸಿಯೋ ಹುಡುಗಿ ಚೀಟಿಯಲ್ಲಿ ಬರೆದುಕೊಟ್ಟದ್ದು, ಹುಬ್ಬಳ್ಳಿಯ ಒಬ್ಬರದ್ದು. ಹದಿನೆಂಟು ವರ್ಷಗಳಿಂದ ಗಾಲಿಕುರ್ಚಿಯಲ್ಲಿರುವವರು. ನಾನು ಅದುವರೆಗೆ ಅವರಿಗೆ ಒಮ್ಮೆಯೂ ಫೋನ್ ಮಾಡಿರಲಿಲ್ಲ. ಏನೆಂದು ಮಾತಾಡುವುದು ಎಂಬ ಸಂಕೋಚ. ಹೆಂಡತಿ ಹೇಳಿದ್ದನ್ನು ಅವರು ಅರ್ಧ ಮಾತ್ರ ಕೇಳಿಸಿಕೊಂಡರು. “ಮಲಗಿಸೀರೇನ್ರಿ? ಮೊದ್ಲ ಎಬ್ಬಿಸಿ ಕುಂಡ್ರಸ್ರಿ. ಕಾಲ್ ಕೆಳಗ ಇಳಿಬಿಡ್ರಿ. ಅಂಗಿ, ಲುಂಗಿ ಸಡ್ಲ ಮಾಡ್ರಿ. ಈಗ ಪೈಪ್ ಎಲ್ಲೆರ ಮಡಚೇತೇನ ನೋಡ್ರಿ.”

ಮೂತ್ರದ ಪೈಪು ತೊಡೆಯಡಿಯಲ್ಲಿ ಮಡಚಿಕೊಂಡಿತ್ತು. ಚೀಲ ಖಾಲಿ, ಮೂತ್ರಕೋಶ ಬಿರಿಯುವಷ್ಟು ತುಂಬಿತ್ತು. ಪೈಪು ನೇರ ಮಾಡಿದರು. ಚೀಲ ತುಂಬುತ್ತಾ ಹೋದ ಹಾಗೆ ತಲೆನೋವು ಇಳಿಯಿತು. ಹತ್ತೇ ನಿಮಿಷ. ಅಷ್ಟೂ ಹೊತ್ತು ಅವರು ಲೈನಿನಲ್ಲೇ ಇದ್ದರು.

ಇದಕ್ಕೆ ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಎದೆಯ ಆರನೆಯ ಕಶೇರುಕ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಬರುತ್ತದೆ. ತುಂಬಿದ ಮೂತ್ರಕೋಶ, ಮಲಬದ್ಧತೆ, ಹುಣ್ಣು, ಬಿಗಿಯಾದ ಚಡ್ಡಿ, ಒಳಕ್ಕೆ ಬೆಳೆದ ಕಾಲಿನ ಉಗುರು, ಹೀಗೆ ಕೆಳಗಿನ ಮೈಯಲ್ಲಿ ಏನಾದರೂ ತೊಂದರೆಯಾದಾಗ ಅಲ್ಲಿನ ರಕ್ತನಾಳಗಳು ತಮ್ಮಷ್ಟಕ್ಕೆ ಬಿಗಿದುಕೊಳ್ಳುತ್ತವೆ, ಬಿಪಿ ಏರುತ್ತದೆ. ಸಡಿಲಿಸಿ ಎಂದು ಮಿದುಳು ಹೇಳಿ ಕಳಿಸುತ್ತದೆ, ಆದರೆ ಮಾತು ದಾಟುವುದಿಲ್ಲ. ಮಳೆಗಾಲದಲ್ಲಿ ಹೊಳೆಯ ಕಾಲುಸಂಕ ಮುರಿದರೆ ಆಚೆ ದಡದವರ ಕೂಗು ಈಚೆಗೆ ತಲುಪದ ಹಾಗೆ. ಕಾರಣ ಸಿಕ್ಕದಿದ್ದರೆ, ಬಿಪಿ ಇಳಿಯದಿದ್ದರೆ ಆಸ್ಪತ್ರೆಗೆ ಓಡಲೇಬೇಕು. ಮಿದುಳಿನಲ್ಲಿ ರಕ್ತಸ್ರಾವ ಆಗುವಷ್ಟು ಅಪಾಯ ಇದರಲ್ಲಿದೆ. ನಮ್ಮಂಥವರಿಗೆ 130 ಕೂಡ ಏರಿದ ಬಿಪಿಯೇ ಆಗಬಹುದು ಎಂಬುದನ್ನು ಅಲ್ಲಿನ ಡ್ಯೂಟಿ ಡಾಕ್ಟರಿಗೆ ನಾವೇ ಹೇಳಬೇಕಾಗಬಹುದು. ಅದಕ್ಕೇ ಈಗ ನಾನು ಮಾತಾಡುವ ಎಲ್ಲರಿಗೂ ಒಂದು ಚೀಟಿ ಬರೆಸಿ ಪರ್ಸಿನಲ್ಲಿ ಇಡಿಸುತ್ತೇನೆ: ನನ್ನ ಮಾಮೂಲಿ ಬಿಪಿ ಇಷ್ಟು, ಮೊದಲು ಕೂರಿಸಿ, ಮೂತ್ರಕೋಶ ನೋಡಿ.

ಇಷ್ಟೂ ಮಾಹಿತಿ ಪುಸ್ತಕಗಳಲ್ಲಿತ್ತು. ಬಹುಶಃ ಡಿಸ್ಚಾರ್ಜ್ ಹೊತ್ತಿನಲ್ಲಿ ಯಾರೋ ಹೇಳಿಯೂ ಇದ್ದರು. ಆದರೆ ಆ ದಿನ ನಮ್ಮ ಕಿವಿಗೆ ಬಿದ್ದದ್ದು “ಇನ್ನು ನಡೆಯಲಿಕ್ಕಿಲ್ಲ” ಎಂಬ ಒಂದೇ ಮಾತು.

ಆ ರಾತ್ರಿಯ ಮೇಲೆ ಹುಬ್ಬಳ್ಳಿಯವರೊಡನೆ ಪ್ರತಿ ವಾರ ಮಾತಾಡತೊಡಗಿದೆ. ಆಗ ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಇರಲಿಲ್ಲ, ಬರೀ ದನಿ. ಪೈಪನ್ನು ಸದಾ ಒಳಗೇ ಬಿಡುವ ಬದಲು ನಾಲ್ಕೈದು ತಾಸಿಗೊಮ್ಮೆ ನಾನೇ ಹಾಕಿ ತೆಗೆಯುವುದನ್ನು ಡಾಕ್ಟರ ಒಪ್ಪಿಗೆ ಪಡೆದು ಕಲಿತದ್ದು ಅವರ ಒತ್ತಾಸೆಯಿಂದ. ಕೈ ಚೆನ್ನಾಗಿ ತೊಳೆದರೆ ಸಾಕು, ಆಪರೇಷನ್ ಥಿಯೇಟರಿನ ಮಡಿ ಬೇಡ ಎಂದು ಅಮೆರಿಕದ ಮಿಶಿಗನ್‌ನ ಮೂತ್ರರೋಗ ತಜ್ಞ ಜ್ಯಾಕ್ ಲ್ಯಾಪಿಡಿಸ್ 1972ರಲ್ಲೇ ತೋರಿಸಿಕೊಟ್ಟಿದ್ದರು. ಅದು ನನ್ನ ಬಚ್ಚಲುಮನೆಗೆ ತಲುಪಿದ್ದು 43 ವರ್ಷ ಕಳೆದು, ಹುಬ್ಬಳ್ಳಿಯ ದಾರಿಯಾಗಿ. ರಾತ್ರಿ ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ಕ್ರಮವೂ ಹಾಗೆಯೇ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಬೆನ್ನುಹುರಿ ವಾರ್ಡು ತೆರೆದ ಲುಡ್ವಿಗ್ ಗುಟ್‌ಮನ್ ಹಗಲು ರಾತ್ರಿ ಅದನ್ನು ನಡೆಸಿದರು. ಅದುವರೆಗೆ ಬದುಕುವುದೇ ಇಲ್ಲ ಎಂದು ಕೈಬಿಟ್ಟಿದ್ದ ಸೈನಿಕರು ಅಲ್ಲಿ ಬದುಕಿದರು. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಹೆಂಡತಿ ನಾಲ್ಕು ಅಲಾರ್ಮ್ ಇಟ್ಟುಕೊಂಡಿದ್ದಳು. ಅವಳ ಆ ವರ್ಷಗಳ ನಿದ್ದೆಯ ಲೆಕ್ಕ ಯಾರಿಂದಲೂ ತೀರಿಸಲಾಗದು.

ಬಿದ್ದವರೇ ಬಿದ್ದವರಿಗೆ ಹೇಳಿಕೊಡುವುದು ಹೊಸದೇನೂ ಅಲ್ಲ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ 1954ರ ಕಾರು ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು. ಆಮೇಲೆ ಅಲ್ಲಿ ಪುನರ್ವಸತಿ ಕೇಂದ್ರವನ್ನೇ ಕಟ್ಟಿದರು. ಅವರ ಮುಂದೆ ಮಲಗಿದ್ದ ರೋಗಿಗೆ ಡಾಕ್ಟರ ಮಾತಿಗಿಂತ ಡಾಕ್ಟರ ಕುರ್ಚಿ ಹೆಚ್ಚು ಹೇಳಿರಬೇಕು. ನಮ್ಮ ಕಡೆಯಲ್ಲೂ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸೌತಡ್ಕದಲ್ಲಿ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರವಿದೆ. ಬೆನ್ನುಹುರಿ ಅಪಘಾತವಾದವರು ಅಲ್ಲಿ ಉಳಿದು ಕಲಿಯಬಹುದು. ಆದರೆ ಎಷ್ಟು ಮಂದಿಗೆ ತಿಂಗಳುಗಟ್ಟಲೆ ಮನೆ ಬಿಟ್ಟು ಇರಲು ಆಗುತ್ತದೆ? ಇದ್ದು ಬಂದ ಮೇಲೂ ಮನೆಯ ಹೊಸ್ತಿಲು, ಮನೆಯ ಬಚ್ಚಲು ಬೇರೆಯೇ. ಜಗತ್ತಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಮಂದಿ ಬೆನ್ನುಹುರಿಯ ಪೆಟ್ಟಿನೊಂದಿಗೆ ಬದುಕುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಅಡಿಕೆ ತೋಟಗಳ ನಾಡಿನಲ್ಲಿ ಪ್ರತಿ ಮಳೆಗಾಲವೂ ಅದಕ್ಕೆ ಕೆಲವರನ್ನು ಸೇರಿಸುತ್ತದೆ. ನೆಲದಲ್ಲೇ ನಿಂತು ಮದ್ದು ಬಿಡುವ ಉದ್ದದ ಕಾರ್ಬನ್ ಫೈಬರ್ ದೋಟಿ ಬಂದಿದೆ, ಬಂಟ್ವಾಳದ ಸಜೀಪಮೂಡದ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ಮಾಡಿದ್ದಾರೆ. ಹೆಬ್ರಿ ಅಣ್ಣನ ಮಗ ಈಗ ದೋಟಿಯಲ್ಲೇ ಮದ್ದು ಬಿಡುತ್ತಾನೆ. ಅಪ್ಪ ಅಂಗಳದಲ್ಲಿ ಕೂತು ನೋಡುತ್ತಾರೆ. ಇದನ್ನು ಅವರು ನನಗೆ ಹೇಳಿದ ದಿನ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಾನು ಸರಿಯಾದ ತರಬೇತಿ ಪಡೆದದ್ದು 2021ರಲ್ಲಿ, ಕೋವಿಡ್ ಕಾಲದಲ್ಲಿ, ಆನ್‌ಲೈನಿನಲ್ಲೇ. ಅದೇ ಪೆಟ್ಟು ತಿಂದು, ಇನ್ನೊಬ್ಬರಿಗೆ ಜೊತೆಗಾರನಾಗಿ ನಿಲ್ಲುವವರನ್ನು ಪೀರ್ ಕೋಚ್ ಎನ್ನುತ್ತಾರೆ. ಕೋಚ್ ಎಂದರೆ ನಮ್ಮೂರಿನಲ್ಲಿ ಕಬಡ್ಡಿಯವರು, ಕ್ರಿಕೆಟಿನವರು. ಹಾಗಾಗಿ ನಾನು ಯಾರಿಗೂ ಆ ಹೆಸರು ಹೇಳುವುದಿಲ್ಲ, ‘ಮಾತಾಡ್ಲಿಕ್ಕೆ ಫೋನ್ ಮಾಡ್ತೇನೆ’ ಎನ್ನುತ್ತೇನೆ. ತರಬೇತಿಯಲ್ಲಿ ಕಲಿಸಿದ ಮುಖ್ಯ ಸಂಗತಿ ಒಂದು ಪ್ರಶ್ನೆ. ಮುಂದಿನ ಒಂದೆರಡು ವಾರದಲ್ಲಿ ನಿಮ್ಮ ಆರೋಗ್ಯಕ್ಕಾಗಿ ನೀವು ಏನಾದರೂ ಮಾಡಬೇಕೆಂದಿದ್ದೀರಾ? ಏನು, ಎಲ್ಲಿ, ಯಾವಾಗ, ಎಷ್ಟು ಸಲ ಎಂದು ಅವರ ಬಾಯಲ್ಲೇ ಹೇಳಿಸಬೇಕು. ಕೊನೆಗೆ, ಇದು ಆಗಿಯೇ ಆಗುತ್ತದೆ ಎಂಬ ಧೈರ್ಯ ಹತ್ತರಲ್ಲಿ ಎಷ್ಟು ಎಂದು ಕೇಳಬೇಕು. ಏಳಕ್ಕಿಂತ ಕಡಿಮೆ ಬಂದರೆ ಗುರಿಯನ್ನು ಸಣ್ಣದು ಮಾಡಬೇಕು, ಇಲ್ಲವೇ ಅಡ್ಡಿಯನ್ನು ಹುಡುಕಬೇಕು.

ಇದು ಕೆನಡಾ, ಅಮೆರಿಕಗಳಲ್ಲಿ ಬೆಳೆದ ಕ್ರಮ. ಕೆನಡಾದಲ್ಲಿ ‘ಎಸ್‌ಸಿಐ ಆ್ಯಂಡ್ ಯು’ ಎಂಬ ಕಾರ್ಯಕ್ರಮದವರು ಬೆನ್ನುಹುರಿಗೆ ಪೆಟ್ಟಾದವರನ್ನೇ ತರಬೇತುಗೊಳಿಸಿ ಇಂಟರ್ನೆಟ್ಟಿನ ಮೂಲಕ ಇಂಥ ಮಾತುಕತೆ ನಡೆಸಿದರು. ಅಮೆರಿಕದಲ್ಲಿ ಫೋನಿನ ಮೂಲಕ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. 84 ಮಂದಿ, ಆರು ತಿಂಗಳು. ಜೊತೆಗಾರನ ಫೋನು ಬಂದವರಲ್ಲಿ ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳುವ ಹುರುಪು ಹೆಚ್ಚಿತ್ತು, ಬದುಕಿನ ಬಗ್ಗೆ ತೃಪ್ತಿಯೂ ಹೆಚ್ಚಿತ್ತು. ಓದುವಾಗ ನನಗೆ ಹುಬ್ಬಳ್ಳಿಯವರ ದನಿ ಕೇಳಿದ ಹಾಗಾಯಿತು. ಅವರು ಯಾವ ತರಬೇತಿಗೂ ಹೋದವರಲ್ಲ.

ಆದರೆ ನಮ್ಮಲ್ಲಿ ಈ ಪ್ರಶ್ನೆ ಕೇಳುವುದು ಸುಲಭವಲ್ಲ. ಮಲಗಿದವನ ಮಂಚದ ಸುತ್ತ ಎಲ್ಲರೂ ಹೇಳುವವರೇ. ಎಣ್ಣೆ ಹಚ್ಚು, ಹರಕೆ ಹೇಳು, ಅಲ್ಲಿ ಒಬ್ಬ ನಾಟಿ ವೈದ್ಯ ಇದ್ದಾನೆ, ಧೈರ್ಯ ಬಿಡಬೇಡ. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಒಂದು ವರ್ಷ ಬರೀ ಕೇಳಿಸಿಕೊಂಡ ಮನುಷ್ಯನನ್ನು “ನಿಮಗೆ ಎಂತ ಬೇಕು?” ಎಂದು ಕೇಳಿದರೆ ಅವನು ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡುತ್ತಾನೆ. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಕಿನ್ನಿಗೋಳಿಯ ಶೆಟ್ರು ಹಾಗೆ ತಿರುಗಲಿಲ್ಲ. ಅರುವತ್ತು ದಾಟಿದವರು, ರಸ್ತೆ ಅಪಘಾತವಾಗಿ ಮೂರು ವರ್ಷ. ಅವರ ಉತ್ತರ ತಯಾರಾಗಿಯೇ ಇತ್ತು. “ಆಟ ನೋಡ್ಬೇಕು ಮಾರಾಯ್ರೆ. ಪೂರ್ತಿ.”

ಆಟ ಎಂದರೆ ಯಕ್ಷಗಾನ. ಪಕ್ಕದ ಮನೆಯವರದ್ದು ಹರಕೆ ಆಟ, ಗದ್ದೆಯಲ್ಲಿ, ಬೆಳಗಿನವರೆಗೆ. ಈಗ ಕಾಲಮಿತಿ ಆಟಗಳೇ ಹೆಚ್ಚು, ಇಡೀ ರಾತ್ರಿಯದ್ದು ಸಿಗುವುದು ಕಷ್ಟ. ಮಹಿಷಾಸುರ ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದ ಅಬ್ಬರಿಸಿಕೊಂಡು ರಂಗಕ್ಕೆ ಬರುವುದನ್ನು ಅವರಿಗೆ ಹತ್ತಿರದಿಂದ ನೋಡಬೇಕಿತ್ತು. ಹುಣ್ಣು, ಸೋಂಕು, ವ್ಯಾಯಾಮ ಎಂದು ನಾನು ಬರೆದಿಟ್ಟುಕೊಂಡಿದ್ದ ಪಟ್ಟಿಯನ್ನು ಬದಿಗಿಟ್ಟೆ. ಆಮೇಲೆ ತಿಳಿಯಿತು, ಆ ಪಟ್ಟಿಯ ಎಲ್ಲವೂ ಈ ಒಂದು ರಾತ್ರಿಯೊಳಗೆ ಇತ್ತು. ಕೂತಲ್ಲೇ ಕೂತರೆ ಚರ್ಮ ಕೆಡುತ್ತದೆ. ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮುಂದಕ್ಕೋ ಪಕ್ಕಕ್ಕೋ ಬಾಗಿ ಒಂದೆರಡು ನಿಮಿಷ ಭಾರ ತೆಗೆಯಬೇಕು. ಫೋನಿನಲ್ಲಿ ಅಲಾರ್ಮ್ ಇಡೋಣವೇ ಎಂದೆ. “ಚೆಂಡೆ ಪೆಟ್ಟಿಗೆ ಅಲಾರ್ಮ್ ಎಲ್ಲಿ ಕೇಳ್ತದೆ? ಅಳಿಯ ಪಕ್ಕದಲ್ಲಿರ್ತಾನೆ, ಭುಜಕ್ಕೆ ಕೈ ಹಾಕ್ತಾನೆ” ಎಂದರು. ಮಂಜಿಗೆ ಕಂಬಳಿ. ರಾತ್ರಿ ಹೊರಗಿರಬೇಕೆಂದು ನೀರು ಕುಡಿಯುವುದನ್ನು ಬಿಡಬಾರದು. ನಮ್ಮವರೆಲ್ಲ ಮಾಡುವ ತಪ್ಪು ಅದು, ಮೂರನೇ ದಿನ ಜ್ವರ ಬರುತ್ತದೆ.

“ಹತ್ತರಲ್ಲಿ ಎಷ್ಟು ಶೆಟ್ರೇ?”

“ಐದು.”

“ಏಳಕ್ಕೆ ಬರ್ಲಿಕ್ಕೆ ಎಂತ ಬೇಕು?”

ಬಹಳ ಹೊತ್ತು ಸುಮ್ಮನಿದ್ದರು. ಮತ್ತೆ ದನಿ ತಗ್ಗಿಸಿ ಹೇಳಿದರು. ರಾತ್ರಿ ಒಂದು ಗಂಟೆಗೆ ಪೈಪು ಹಾಕುವ ಹೊತ್ತು. ಗದ್ದೆಯಲ್ಲಿ ಎಲ್ಲಿ? ಕಾರಿನೊಳಗೆ ಅವರ ಕಾಲು ಚಾಚಲು ಆಗುವುದಿಲ್ಲ. ಆಟ ಆಡಿಸುವವರ ಮನೆಯ ಕೆಳಗಿನ ಕೋಣೆ ಸಿಕ್ಕರೆ ಆಗುತ್ತಿತ್ತು. ಆದರೆ ಈ ಮೂರು ವರ್ಷಗಳಲ್ಲಿ ಆ ಮನೆಯವರಿಗೆ, ಅಂದರೆ ನಲವತ್ತು ವರ್ಷದ ನೆರೆಯವರಿಗೆ, ತಾನು ಮೂತ್ರ ಮಾಡುವುದು ಪೈಪಿನಲ್ಲಿ ಎಂದು ಶೆಟ್ರು ಹೇಳಿರಲಿಲ್ಲ.

ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ನಾನು ಮೊದಲ ಸಲ ತಂಗಿಯ ಮನೆಯಲ್ಲಿ ಕೋಣೆ ಕೇಳಿದಾಗ ಏನೆಂದು ಕೇಳಿದೆ ಎಂಬುದನ್ನು ಮಾತ್ರ ಹೇಳಿದೆ. ಆ ವಾರದ ಗುರಿ ಆಟ ನೋಡುವುದು ಎಂಬಲ್ಲಿಂದ ನೆರೆಮನೆಗೆ ಒಂದು ಫೋನ್ ಮಾಡುವುದು ಎಂಬಲ್ಲಿಗೆ ಇಳಿಯಿತು. ಧೈರ್ಯ ಹತ್ತರಲ್ಲಿ ಏಳು.

ಆಟದ ರಾತ್ರಿ ಒಂದು ಗಂಟೆಗೆ ಅಳಿಯ ಅವರನ್ನು ಆ ಕೋಣೆಗೆ ಕರೆದೊಯ್ದಾಗ ಬಾಗಿಲಿಗೆ ಏರಲು ಒಂದು ಹಲಗೆ ಇಟ್ಟಿದ್ದರಂತೆ. ಒಳಗೆ ಒಂದು ಬಾಲ್ದಿ ಬಿಸಿನೀರು, ಹೊಸ ಸಾಬೂನು, ಮಡಚಿದ ಒಂದು ಬೈರಾಸು. ಮನೆಯ ಮುದುಕಿ ಇಟ್ಟದ್ದು. ಯಾರೂ ಏನೂ ಕೇಳಲಿಲ್ಲ. ಮಹಿಷಾಸುರ ಬಂದ. ಮೂರು ಗಂಟೆಗೆ ಸುಸ್ತಾಗಿ ಶೆಟ್ರು ಮನೆಗೆ ಹೋದರು. ಬೆಳಿಗ್ಗೆ ಕನ್ನಡಿ ಹಿಡಿದು ನೋಡಿದಾಗ ಇದ್ದ ಕೆಂಪು ಅರ್ಧ ಗಂಟೆಯಲ್ಲಿ ಹೋಯಿತು. ಅಷ್ಟೂ ವರದಿ ವಾಟ್ಸ್ಆ್ಯಪ್‌ನಲ್ಲಿ ದನಿಯಾಗಿ ಬಂತು, ಹಿಂದೆ ಕೋಳಿ ಕೂಗುತ್ತಿತ್ತು.

ಎಲ್ಲವೂ ಹೀಗೆ ಆಗುವುದಿಲ್ಲ. ತರಬೇತಿಗೆ ಹೋಗುವ ಮೊದಲು ಕಾರ್ಕಳದ ಒಬ್ಬ ಕಾಲೇಜು ಹುಡುಗನಿಗೆ ನಾನು ಮಾಡಿದ್ದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಅವನಿಗೆ ಪೆಟ್ಟಾದದ್ದು ಬೆನ್ನಿನ ತೀರ ಕೆಳಗೆ. ಹೊಟ್ಟೆ ಖಾಲಿ ಮಾಡುವ ನನ್ನ ಕ್ರಮವನ್ನು ಅವನಿಗೂ ಹೇಳಿಕೊಟ್ಟೆ. ಬೆಳಿಗ್ಗೆ ಗಂಜಿಯೂಟವಾಗಿ ಅರ್ಧ ಗಂಟೆಗೆ ಗುದದೊಳಗೆ ಗುಳಿಗೆ ಇಟ್ಟು, ಗ್ಲೌಸ್ ಹಾಕಿದ ಬೆರಳಿನಿಂದ ಪ್ರಚೋದಿಸಿದರೆ ನನ್ನ ಮೈ ತಾನಾಗಿ ಸ್ಪಂದಿಸುತ್ತದೆ. ಬೆನ್ನುಹುರಿಯ ಮೇಲ್ಭಾಗದಲ್ಲಿ ಪೆಟ್ಟಾದವರಲ್ಲಿ ಆ ಪ್ರತಿಕ್ರಿಯೆ ಉಳಿದಿರುತ್ತದೆ. ಹುರಿಯ ತುದಿಗೇ ಪೆಟ್ಟಾದವರಲ್ಲಿ ಅದು ಇರುವುದಿಲ್ಲ. ಅವರಿಗೆ ಮಲ ಸ್ವಲ್ಪ ಗಟ್ಟಿಯಾಗಿರಬೇಕು, ಕೈಯಿಂದಲೇ ತೆಗೆಯಬೇಕು, ದಿನವೂ. ನನಗೆ ಇದು ತಿಳಿದಿರಲಿಲ್ಲ. ಹುಡುಗ ತಿಂಗಳುಗಟ್ಟಲೆ ನನ್ನ ಮಾತನ್ನು ನಂಬಿ ಮಾಡಿದ. ಕ್ಲಾಸಿನಲ್ಲಿ ಎರಡು ಸಲ ಬಟ್ಟೆ ಹಾಳಾಯಿತು. ಅವನು ಕಾಲೇಜಿಗೆ ಹೋಗುವುದನ್ನು ಬಿಟ್ಟ. “ನಾನು ಸರಿಯಾಗಿ ಮಾಡ್ತಾ ಇಲ್ಲ ಕಾಣ್ತದೆ ಅಣ್ಣ” ಎಂದು ನನ್ನ ಹತ್ತಿರವೇ ಹೇಳಿದ್ದ.

ತರಬೇತಿಯಲ್ಲಿ ಈ ಭೇದ ಕೇಳಿದ ದಿನವೇ ಫೋನ್ ಮಾಡಿ, ತಪ್ಪು ನನ್ನದು, ನಿನ್ನದಲ್ಲ ಎಂದೆ. ಪುನರ್ವಸತಿ ವಿಭಾಗದ ಒಬ್ಬ ನರ್ಸಮ್ಮ ಅವನಿಗೆ ಸರಿಯಾದ ಕ್ರಮ ಕಲಿಸಿದರು. ಮರುವರ್ಷ ಅವನು ಪರೀಕ್ಷೆ ಬರೆದ. ‘ನಾನೂ ಹಾಗೇ ಮಾಡಿದ್ದೆ’ ಎಂಬ ಮಾತಿಗೆ ನಮ್ಮಂಥವರ ನಡುವೆ ವೇದವಾಕ್ಯದಷ್ಟು ಬೆಲೆ. ಆ ಬೆಲೆಗೆ ನಾನು ಈಗ ಹೆದರುತ್ತೇನೆ. ಮಾತ್ರೆಯ ಹೆಸರು ಹೇಳುವುದಿಲ್ಲ. ಒತ್ತಿದರೂ ಬಿಳಿಯಾಗದ ಕೆಂಪು ಕಂಡರೆ ಆ ಜಾಗದ ಮೇಲೆ ಭಾರ ಬಿಡಬೇಡಿ, ನಾಳೆಯೇ ತೋರಿಸಿ ಎನ್ನುತ್ತೇನೆ. ನಡುರಾತ್ರಿ “ಇನ್ನು ಇದ್ದು ಎಂತ ಮಾಡುದು” ಎಂಬ ಮೆಸೇಜು ಬಂದರೆ ಲೈನಿನಲ್ಲಿ ಉಳಿದು ಮನೆಯವರನ್ನು ಎಬ್ಬಿಸುತ್ತೇನೆ, ಟೆಲಿ ಮಾನಸ್‌ನ 14416 ನಂಬರನ್ನು ಕೊಡುತ್ತೇನೆ. ಅಲ್ಲಿ ಕನ್ನಡದಲ್ಲಿ ಮಾತಾಡುತ್ತಾರೆ. ಅಂಥ ಮೆಸೇಜು ನನಗೆ ಬಂದದ್ದುಂಟು. ನಾನೂ ಒಂದು ಕಾಲದಲ್ಲಿ ಕಳಿಸಿದ್ದುಂಟು, ಹುಬ್ಬಳ್ಳಿಗೆ.

ನಾಚಿಕೆಯದ್ದು ಬೇರೆಯೇ ಕಥೆ. ಮೊದಲ ಕೆಲವು ಕರೆಗಳಲ್ಲಿ ಯಾವಾಗಲೂ ಹಿಂದೆ ಯಾರಾದರೂ ಇರುತ್ತಾರೆ. ಅಮ್ಮ, ಅಣ್ಣ, ಕೆಲವೊಮ್ಮೆ ಇಡೀ ಮನೆ. ಐವತ್ತು ವರ್ಷದ ಗಂಡಸರು ಶಾಲೆಯ ಮಕ್ಕಳ ಹಾಗೆ ‘ಒಂದಕ್ಕೆ’, ‘ಎರಡಕ್ಕೆ’ ಎನ್ನುತ್ತಾರೆ. ಮಕ್ಕಳಾಗುತ್ತದೆಯೇ ಎಂದು ಕೇಳಬೇಕಾದವರು ಹವಾಮಾನ ಕೇಳುತ್ತಾರೆ. ಹತ್ತು ನಿಮಿಷ ಒಬ್ಬರೇ ಇರುವಂತೆ ಮಾಡಿ ಎಂದು ಮನೆಯವರನ್ನು ಕೇಳಿಕೊಳ್ಳುವುದೇ ನನ್ನ ಮೊದಲ ಕೆಲಸ. ಫೋನಿನಲ್ಲಿ ಒಂದು ಅನುಕೂಲ ಇದೆ. ಎದುರಿಗೆ ಕೂತವರಿಗೆ ಹೇಳಲಾಗದ್ದನ್ನು ಕ್ಯಾಮರಾ ಆಫ್ ಮಾಡಿ ಹೇಳಬಹುದು.

ಆದರೆ ಕ್ಯಾಮರಾ ಆಫ್ ಮಾಡಿದರೂ ಹೇಳಲಾಗದ್ದು ಇರುತ್ತದೆ. ಮಂಗಳೂರಿನ ಒಬ್ಬ ಅಕ್ಕ, ಕಂಕನಾಡಿ ಕಡೆಯವರು, ಅವರ ಗಂಡ ನನ್ನನ್ನು ಹುಡುಕಿಕೊಂಡು ಫೋನ್ ಮಾಡಿದರು. ಒಳ್ಳೆಯ ಮನುಷ್ಯ. ಎರಡು ಕರೆಗಳಲ್ಲಿ ಆ ಅಕ್ಕ ನನ್ನೆದುರು ಹ್ಞೂಂ, ಊಹ್ಞೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೆಯ ಕರೆಯಲ್ಲಿ ನಾನೇ ಕೇಳಿದೆ, “ಹೆಂಗಸರು ಯಾರಾದ್ರೂ ಮಾತಾಡಿದ್ರೆ ಆದೀತಾ ಅಕ್ಕ?” ಸ್ವಲ್ಪ ತಡೆದು, “ಇದ್ದಾರಾ ಹಾಗೆ ಯಾರಾದ್ರೂ?” ಎಂದರು. ನಾನು ಕೇಳಿದ ಅವರ ಮೊದಲ ಪೂರ್ತಿ ವಾಕ್ಯ ಅದು.

ಹುಡುಕಲು ಎರಡು ತಿಂಗಳು ಹಿಡಿಯಿತು. ಈ ಕೆಲಸಕ್ಕೆ ಬಂದಿರುವ ಹೆಂಗಸರು ತೀರ ಕಡಿಮೆ. ಕನ್ನಡದಲ್ಲಿ ಮಾತಾಡುವವರು ಇನ್ನೂ ಕಡಿಮೆ. ತುಳುವಿನಲ್ಲಿ, ಬ್ಯಾರಿಯಲ್ಲಿ ಮಾತಾಡುವ ಒಬ್ಬರೂ ನನಗೆ ಸಿಗಲಿಲ್ಲ. ಪೈಪು ಹಾಕಿಕೊಳ್ಳುವುದು ಹೆಂಗಸರಿಗೆ ಹೆಚ್ಚು ಕಷ್ಟ, ಕನ್ನಡಿ ಬೇಕು, ಕಾಲು ಅಗಲಿಸಿ ಹಿಡಿಯಲು ಉಪಾಯ ಬೇಕು. ತಿಂಗಳ ಮುಟ್ಟಿನ ದಿನಗಳಲ್ಲಿ ಚರ್ಮ ಕಾಯುವುದು ಇನ್ನೊಂದು ಕೆಲಸ. ಇದನ್ನೆಲ್ಲ ಒಬ್ಬ ಗಂಡಸು ಯಾವ ತರಬೇತಿಯಿಂದ ಹೇಳಿಕೊಡಲಿ? ಇದನ್ನು ಓದುತ್ತಿರುವವರಲ್ಲಿ ಗಾಲಿಕುರ್ಚಿಯಲ್ಲಿ ಕೂತ ಅಕ್ಕಂದಿರು ಇದ್ದರೆ, ನೀವು ವಾರಕ್ಕೆ ಒಂದು ಗಂಟೆ ಕೊಡಬಲ್ಲಿರಾದರೆ, ನಿಮ್ಮಲ್ಲಿರುವುದು ಬೇರೆ ಯಾರಲ್ಲೂ ಇಲ್ಲ.

ಕೊನೆಗೆ ತುಮಕೂರಿನ ಒಬ್ಬ ಟೀಚರು ಸಿಕ್ಕರು. ಒಂಬತ್ತು ವರ್ಷದಿಂದ ಗಾಲಿಕುರ್ಚಿಯಲ್ಲೇ ಪಾಠ ಮಾಡುತ್ತಿರುವವರು. ನಂಬರ್ ಕೊಟ್ಟು ನಾನು ಹಿಂದೆ ಸರಿದೆ. ತಿಂಗಳು ಕಳೆದು ಕಂಕನಾಡಿಯ ಆ ಗಂಡ ಬೇರೇನೋ ಕೇಳಲು ಫೋನ್ ಮಾಡಿದರು, ಏರ್‌ಬೆಡ್ಡಿನ ಮೋಟಾರು ರಿಪೇರಿಯ ವಿಷಯ. ಇಡುವ ಮೊದಲು ತಡೆದು ಹೇಳಿದರು, “ನಿನ್ನೆ ಇವಳು ರೂಮಿನ ಬಾಗಿಲು ಹಾಕ್ಕೊಂಡು ಆ ಟೀಚರ ಹತ್ರ ಒಂದು ಗಂಟೆ ಮಾತಾಡಿದ್ಳು. ನಗುದು ಕೇಳ್ತಾ ಇತ್ತು. ಎಂತದಕ್ಕೆ ಅಂತ ಗೊತ್ತಿಲ್ಲ ನಂಗೆ.”

ನಾನೂ ಕೇಳಲಿಲ್ಲ.